ಬಿರುಕು ನೋಡುವ ಕಣ್ಣು

ಬೆಳ್ಳಂದೂರು ಅಂದ್ರೆ ನಮಗೆಲ್ಲ ಟ್ರಾಫಿಕ್, ಟೆಕ್ ಪಾರ್ಕ್, ಕೆರೆಯ ನೊರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಕೆರೆಗೆ ಕ್ಯಾಟಲಿನಾ ಅನ್ನೋ, ನೀರಿನ ಮೇಲೆ ಇಳಿಯುವ ವಿಮಾನಗಳು ರಿಪೇರಿಗೆ ಬರುತ್ತಿದ್ದವು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದು ವಿಮಾನ ತಯಾರಿಸೋಕೆ. ಯುದ್ಧ ಹತ್ತಿರ ಬಂದ ಹಾಗೆ ಕೆಲಸವೇ ಬದಲಾಯಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಅದರ ಆಡಳಿತ ವಹಿಸಿಕೊಂಡಿತು. ಕಾರ್ಖಾನೆ ಓವರ್‌ಹಾಲ್ ಕೇಂದ್ರವಾಯಿತು. ಓವರ್‌ಹಾಲ್ ಅಂದರೆ ಬಿಚ್ಚೋದು, ತೊಳೆಯೋದು, ಅಳೆಯೋದು, ಬಿರುಕು ಹುಡುಕೋದು, ಕೊನೆಗೆ ಸಹಿ ಹಾಕೋದು.

ಬಿರುಕು ಹುಡುಕೋದು ಸುಲಭ ಅಲ್ಲ. ಒಂದು ವಿಧಾನದಲ್ಲಿ ಲೋಹಕ್ಕೆ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸ್ತಾರೆ. ಬಿರುಕಿದ್ದರೆ ಒಳಗೆ ಉಳಿದ ಬಣ್ಣ ಕೂದಲೆಳೆಯಂಥ ಗೆರೆಯಾಗಿ ಮೇಲೆ ಬರುತ್ತೆ. ಕಡಿಮೆ ಒರೆಸಿದರೆ ಎಲ್ಲೆಲ್ಲೂ ಕೆಂಪು. ಜಾಸ್ತಿ ಒರೆಸಿದರೆ ಬಿರುಕಿನ ಬಣ್ಣವೂ ಮಾಯ. ಅದನ್ನು ಕೈಯೇ ಕಲಿಯಬೇಕು.

1969ರ ಡಿಸೆಂಬರಿನಲ್ಲಿ ಅಮೆರಿಕದ ಎಫ್-111 ಯುದ್ಧವಿಮಾನವೊಂದರ ರೆಕ್ಕೆ ಹಾರುವಾಗಲೇ ಮುರಿದು, ಒಳಗಿದ್ದ ಇಬ್ಬರೂ ಸತ್ತರು. ಅದು ಹಾರಿದ್ದು ನೂರು ಗಂಟೆಯ ಆಸುಪಾಸು ಅಷ್ಟೇ. ರೆಕ್ಕೆ ಹಿಡಿದಿಡುವ ಉಕ್ಕಿನ ಭಾಗದಲ್ಲಿ ತಯಾರಿಕೆಯಲ್ಲೇ ಆಗಿದ್ದ ದೋಷ ತಪಾಸಣೆಯ ಕಣ್ತಪ್ಪಿಸಿತ್ತು. ಮುಂದೆ 1970ರ ದಶಕದಲ್ಲಿ ಆ ವಾಯುಪಡೆ, ಬಿರುಕು ಬಿಟ್ಟ ವಿಮಾನದ ಭಾಗಗಳನ್ನು ನೆಲೆಯಿಂದ ನೆಲೆಗೆ ಒಯ್ದು ತನ್ನ ತಂತ್ರಜ್ಞರಿಗೇ ಪರೀಕ್ಷೆ ಇಟ್ಟಿತು. ಖಂಡಿತ ಸಿಗುತ್ತೆ ಅಂದುಕೊಂಡಿದ್ದ ಗಾತ್ರದ ಬಿರುಕುಗಳೂ ಎಷ್ಟೋ ಸಲ ಸಿಗಲಿಲ್ಲ! ಕೋಡ್‌ಗೆ ಬೇಕಂತಲೇ ಬಗ್ ಸೇರಿಸಿ, ಟೆಸ್ಟ್ ಅದನ್ನು ಹಿಡಿಯುತ್ತಾ ಅಂತ ನಾವು ನೋಡ್ತೀವಲ್ಲ, ಹಾಗೇ ಇದು. ಸರ್ಟಿಫಿಕೇಟ್ ಇದ್ದರೆ ಸಾಲದು, ಕಣ್ಣನ್ನೂ ಆಗಾಗ ಪರೀಕ್ಷಿಸಬೇಕು.

ನಾನು ತುಮಕೂರಿನ ಶೆಟ್ಟಿಹಳ್ಳಿಯವನು. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು. ಊರಿನ ಕಡೆ ಜನ ಕೇಳೋದು, "ಎಷ್ಟು ಜನಕ್ಕೆ ಕೆಲಸ ಸಿಗುತ್ತಪ್ಪಾ?" ನ್ಯಾಯವಾದ ಪ್ರಶ್ನೆ. ಜೊತೆಗೆ ಇನ್ನೊಂದನ್ನೂ ಕೇಳೋಣ: ಐಟಿಐ ಮುಗಿಸಿದ ನಮ್ಮ ಹುಡುಗ ಹುಡುಗಿಯರ ಕೈಗೆ ನಿಜವಾದ ಬಿರುಕು ಬಿಟ್ಟ ಭಾಗ ಕೊಟ್ಟು, ಹುಡುಕೋದು ಕಲಿಸೋರು ಯಾರು? ಕಟ್ಟಡ ಕೆಲವೇ ವರ್ಷದಲ್ಲಿ ಏಳುತ್ತೆ. ಅಂಥ ಕಣ್ಣು ತಯಾರಾಗೋಕೆ ಹೆಚ್ಚು ಕಾಲ ಬೇಕು. ಅವರ ಸಹಿ ನಂಬಿ ಹಿಮಾಲಯದ ಮೇಲೆ ಹಾರೋರೂ ಯಾರದೋ ಮನೆ ಮಕ್ಕಳೇ.