ಹೆಸರಿಗೊಬ್ಬ ವಕೀಲ: ಅಲಬಾಮದಿಂದ ಖಂಡ್ವಾದವರೆಗೆ

ಮರಣದಂಡನೆಯ ಪ್ರಕರಣದಲ್ಲಿ ಆರೋಪಿಗೆ ವಕೀಲನಿರಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ದಾಖಲೆಯಲ್ಲಿ ವಕೀಲನ ಹೆಸರಿದ್ದ ಮಾತ್ರಕ್ಕೆ ಆರೋಪಿಗೆ ವಕೀಲನಿದ್ದಾನೆ ಎನ್ನಬಹುದೇ? ಅಮೆರಿಕದ ಅಲಬಾಮ ರಾಜ್ಯದ ಇತಿಹಾಸದಲ್ಲಿ ಈ ಪ್ರಶ್ನೆ ಎರಡು ಬಾರಿ ಎದ್ದಿದೆ.

1931ರ ಮಾರ್ಚ್ 25ರಂದು ಸರಕು ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಕಪ್ಪು ಜನಾಂಗದ ಹುಡುಗರನ್ನು, ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರವೆಸಗಿದರೆಂಬ ಆರೋಪದಲ್ಲಿ ಬಂಧಿಸಲಾಯಿತು. ಸ್ಕಾಟ್ಸ್‌ಬರೊ ಪಟ್ಟಣದ ನ್ಯಾಯಾಧೀಶರು ಊರಿನ ಸಮಸ್ತ ವಕೀಲರನ್ನೂ ಅವರ ಪರವಾಗಿ ನೇಮಿಸಿದರು. ಎಲ್ಲರಿಗೂ ವಹಿಸಿದ ಹೊಣೆಯನ್ನು ಯಾರೂ ಹೊರಲಿಲ್ಲ. ವಿಚಾರಣೆಯ ದಿನ ನೆರೆರಾಜ್ಯ ಟೆನೆಸ್ಸಿಯಿಂದ ಬಂದ ವಕೀಲರೊಬ್ಬರು, ತಮಗೆ ಅಲಬಾಮದ ನ್ಯಾಯಾಲಯ ಪದ್ಧತಿ ತಿಳಿಯದೆಂದೂ ಸಿದ್ಧತೆ ಮಾಡಿಕೊಂಡಿಲ್ಲವೆಂದೂ ಬಾಯಿಬಿಟ್ಟು ಹೇಳಿದರು. ಆದರೂ ವಿಚಾರಣೆ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ! ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಏಳು ಮಂದಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಆಂಡರ್ಸನ್ ಒಬ್ಬರೇ ಭಿನ್ನಮತ ಬರೆದರು.

1932ರ ನವೆಂಬರ್ 7ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಗಳನ್ನು ರದ್ದುಗೊಳಿಸಿತು. ಪರಿಣಾಮಕಾರಿ ನೆರವು ಅಸಾಧ್ಯವಾಗುವಂತಹ ಹೊತ್ತಿನಲ್ಲಿ ವಕೀಲನನ್ನು ನೇಮಿಸಿದರೆ ನ್ಯಾಯಾಲಯದ ಕರ್ತವ್ಯ ತೀರುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಮರುವರ್ಷ ಆ ಇಬ್ಬರು ಯುವತಿಯರಲ್ಲಿ ಒಬ್ಬಾಕೆ, ಅತ್ಯಾಚಾರ ನಡೆದೇ ಇರಲಿಲ್ಲವೆಂದು ನ್ಯಾಯಾಲಯದಲ್ಲೇ ನುಡಿದಳು.

ಇದಾಗಿ ಎಪ್ಪತ್ತು ವರ್ಷಗಳ ಬಳಿಕ ಅದೇ ಅಲಬಾಮದಲ್ಲಿ ಮೇಪಲ್ಸ್ ಎಂಬ ಕೈದಿಯ ಪ್ರಕರಣ. ಆತ ಎರಡು ಕೊಲೆಗಳನ್ನು ಮಾಡಿದ್ದನೆಂಬುದು ನಿಜ. ವಿಚಾರಣೆಯಲ್ಲಿ ತನ್ನ ವಕೀಲರು ಸರಿಯಾಗಿ ವಾದಿಸಲಿಲ್ಲ, ಆದ್ದರಿಂದ ತನಗೆ ಮರಣದಂಡನೆಯಾಯಿತು ಎಂಬುದು ಆತನ ದೂರು. ಈ ಹಂತದಲ್ಲಿ ಬಡ ಕೈದಿಗೆ ವಕೀಲನನ್ನು ಒದಗಿಸುವ ಖಾತ್ರಿಯನ್ನು ಆ ರಾಜ್ಯ ಆಗ ನೀಡುತ್ತಿರಲಿಲ್ಲ. ನ್ಯೂಯಾರ್ಕಿನ ಇಬ್ಬರು ವಕೀಲರು ಉಚಿತವಾಗಿ ನೆರವಿಗೆ ಬಂದರು. ಆದರೆ ಕಕ್ಷಿದಾರನಿಗೂ ನ್ಯಾಯಾಲಯಕ್ಕೂ ತಿಳಿಸದೆ 2002ರಲ್ಲಿ ಕೆಲಸ ಬಿಟ್ಟು ಹೋದರು. 2003ರಲ್ಲಿ ಅರ್ಜಿ ವಜಾ ಆದಾಗ ಅವರ ವಿಳಾಸಕ್ಕೆ ಕಳುಹಿಸಿದ ಲಕೋಟೆಗಳು ಒಡೆಯದೆಯೇ ಮರಳಿ ಬಂದವು. ನ್ಯಾಯಾಲಯದ ಗುಮಾಸ್ತೆ ಅವನ್ನು ಕಡತಕ್ಕೆ ಸೇರಿಸಿದನು, ಅಷ್ಟೆ. ಮೇಲ್ಮನವಿಗಿದ್ದ 42 ದಿನಗಳು ಕಳೆದುಹೋದವು. ಜೈಲಿನಲ್ಲಿದ್ದವನಿಗೆ ಏನೂ ತಿಳಿದಿರಲಿಲ್ಲ. ವಕೀಲನಿಂದಲೇ ಪರಿತ್ಯಕ್ತನಾದವನ ಮೇಲೆ ಆ ತಪ್ಪನ್ನು ಹೊರಿಸಲಾಗದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ.

ಇದನ್ನು ಪರದೇಶದ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ. ಮಧ್ಯಪ್ರದೇಶದ ಖಂಡ್ವಾದಲ್ಲಿ, 2013ರಲ್ಲಿ, ಬಾಲಕಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ಆರೋಪಿಗೆ ವಕೀಲರ ನೇಮಕವಾದದ್ದೂ ಆರೋಪ ನಿಗದಿಯಾದದ್ದೂ ಒಂದೇ ದಿನ. ಹದಿಮೂರು ದಿನಗಳಲ್ಲಿ ಮರಣದಂಡನೆ! ಹೈಕೋರ್ಟ್ ಅದನ್ನು ದೃಢೀಕರಿಸಿತು. 2019ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಮರುವಿಚಾರಣೆಗೆ ಆದೇಶಿಸಿತು. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಿಗೆ ಕನಿಷ್ಠ ಹತ್ತು ವರ್ಷ ಅನುಭವವಿರುವವರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನಗಳಾದರೂ ಇರಬೇಕು, ಹೈಕೋರ್ಟಿನಲ್ಲಿ ಮರಣದಂಡನೆಯ ದೃಢೀಕರಣಕ್ಕೆ ಮೊದಲು ಹಿರಿಯ ವಕೀಲರನ್ನೇ ಪರಿಗಣಿಸಬೇಕು ಎಂದು ವಿಧಿಸಿತು. ಮರುವಿಚಾರಣೆಯಲ್ಲಿಯೂ ಆತನಿಗೆ ಮರಣದಂಡನೆಯೇ ಆಯಿತು; ಹೈಕೋರ್ಟ್ ಪ್ರಕರಣವನ್ನು ಮತ್ತೊಮ್ಮೆ ಹಿಂದಕ್ಕೆ ಕಳುಹಿಸಿತು. ಕೊನೆಗೆ 2024ರ ಮಾರ್ಚಿನಲ್ಲಿ, ಬಂಧನವಾಗಿ ಹನ್ನೊಂದು ವರ್ಷಗಳ ನಂತರ, ಖಂಡ್ವಾದ ನ್ಯಾಯಾಲಯವೇ ಆತನನ್ನು ಖುಲಾಸೆಗೊಳಿಸಿತು.