ತಲೆಪೆಟ್ಟು, ಮುನ್ನರಿವು ಮತ್ತು ರಕ್ತದ ಸಾಕ್ಷ್ಯ

ತಲೆಗೆ ತೀವ್ರವಾದ ಪೆಟ್ಟು ಬಿದ್ದವನು ಬದುಕುವನೇ, ಬದುಕಿದರೂ ಮೊದಲಿನಂತಾಗುವನೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಕ್ರಮಕ್ಕೆ ದೀರ್ಘ ಚರಿತ್ರೆಯಿದೆ. ಈ ದೃಷ್ಟಿಯಿಂದ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಬಹುಮುಖ್ಯ ದಾಖಲೆ. ಕ್ರಿ.ಪೂ. ಸುಮಾರು 1600ರ ಈ ಹಸ್ತಪ್ರತಿಯನ್ನು ಜೆ. ಎಚ್. ಬ್ರೆಸ್ಟೆಡ್ ಅವರು 1930ರಲ್ಲಿ ಅನುವಾದಿಸಿ ಪ್ರಕಟಿಸಿದರು. ಇದರ 48 ಪ್ರಕರಣಗಳಲ್ಲಿ ಮೊದಲ 27 ತಲೆ ಮತ್ತು ಮುಖದ ಗಾಯಗಳಿಗೆ ಸಂಬಂಧಿಸಿದವು. ಗಾಯವನ್ನು ಪರೀಕ್ಷಿಸಿದ ವೈದ್ಯನು ಮೂರು ಸಿದ್ಧವಾಕ್ಯಗಳಲ್ಲಿ ಒಂದನ್ನು ನುಡಿಯಬೇಕು: ಇದು ಗುಣಪಡಿಸುವ ಬೇನೆ, ಇದು ಸೆಣಸಿ ನೋಡುವ ಬೇನೆ, ಇದು ಚಿಕಿತ್ಸೆಗೆ ಒಳಪಡದ ಬೇನೆ. ಕಣಿ ಹೇಳುವವರ ಮಾತಿಗೂ ಇಂತಹುದೇ ನಿಶ್ಚಿತ ಚೌಕಟ್ಟಿರುವುದನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಇದು ಅಪರಿಚಿತವೆನಿಸದು. ಆದರೆ ವ್ಯತ್ಯಾಸವೂ ಇದೆ. ಬುರುಡೆಯೊಡೆದು ಮಿದುಳು ಕಾಣುವ ಆರನೆಯ ಪ್ರಕರಣಕ್ಕೆ ಮೂರನೆಯ ತೀರ್ಪು ಹೇಳಿದ ಮೇಲೂ, ಗಾಯಕ್ಕೆ ಕೊಬ್ಬು ಸವರಿ, ಕಟ್ಟು ಕಟ್ಟದೆ, ನಿರ್ಣಾಯಕ ಘಟ್ಟದವರೆಗೆ ಕಾಯಬೇಕೆಂದು ಗ್ರಂಥವು ವಿಧಿಸುತ್ತದೆ. ತೀರ್ಪು ನುಡಿದರೂ ರೋಗಿಯನ್ನು ಕೈಬಿಟ್ಟಿಲ್ಲ.

ಆಧುನಿಕ ಕಾಲದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅವರು 1974ರಲ್ಲಿ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪನವು ಕಣ್ಣು, ಮಾತು, ಚಲನೆಗಳನ್ನು 3ರಿಂದ 15ರವರೆಗಿನ ಅಂಕಗಳಿಗೆ ಇಳಿಸಿತು. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರ. ಆದರೆ ನಿದ್ರೆಯೌಷಧ ಕೊಟ್ಟು ಗಂಟಲಿಗೆ ನಳಿಕೆಯಿಳಿಸಿದ ರೋಗಿ ಮಾತನಾಡಲಾರ. ರೋಗಿ ಮೂಕನಾದಲ್ಲಿ ರಕ್ತವನ್ನು ಸಾಕ್ಷಿಗೆ ಕರೆಯುವ ಯತ್ನವೇ ಜೀವರಾಸಾಯನಿಕ ಸೂಚಕಗಳ ಚರಿತ್ರೆ. 1965ರಲ್ಲಿ ಬಿ. ಡಬ್ಲ್ಯು. ಮೂರ್ ಅವರು ದನದ ಮಿದುಳಿನಿಂದ ಬೇರ್ಪಡಿಸಿದ ಎಸ್‌-100 ಎಂಬ ಪ್ರೋಟೀನು ಇವುಗಳಲ್ಲಿ ಪ್ರಸಿದ್ಧವಾದುದು. ಅಮೋನಿಯಂ ಸಲ್ಫೇಟಿನ 100 ಪ್ರತಿಶತ ಪರ್ಯಾಪ್ತ ದ್ರಾವಣದಲ್ಲಿಯೂ ಕರಗುವ ಗುಣದಿಂದ ಅದಕ್ಕೆ ಆ ಹೆಸರು. ಮಿದುಳಿನ ಆಸರೆಕೋಶಗಳು ಘಾಸಿಗೊಂಡಾಗ ಈ ಬಗೆಯ ಎಸ್‌-100ಬಿ ರಕ್ತಕ್ಕೆ ಸೋರುತ್ತದೆ. ಮಟ್ಟ ಹೆಚ್ಚಿದಷ್ಟೂ ಚೇತರಿಕೆಯ ಸಂಭವ ಕುಗ್ಗುವುದೆಂದು ಅನೇಕ ಅಧ್ಯಯನಗಳು ತೋರಿವೆ.

ಆದರೆ ಈ ಸಾಕ್ಷಿ ಪೂರ್ಣ ವಿಶ್ವಾಸಾರ್ಹವಲ್ಲ. ಎಸ್‌-100ಬಿ ಕೊಬ್ಬಿನ ಕೋಶಗಳಲ್ಲಿಯೂ ಇರುವುದರಿಂದ, ಅಪಘಾತದಲ್ಲಿ ಕೈಕಾಲು ಮುರಿದವನ ರಕ್ತದಲ್ಲಿಯೂ ಅದು ಏರುತ್ತದೆ. ರಕ್ತದಿಂದ ಬೇಗನೆ ಮಾಯವಾಗುವುದರಿಂದ ಮಾದರಿ ತೆಗೆದ ಹೊತ್ತೂ ಮುಖ್ಯ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಜಿಎಫ್‌ಎಪಿ, ಯುಸಿಎಚ್‌-ಎಲ್1 ಎಂಬೆರಡು ಪ್ರೋಟೀನುಗಳ ಪರೀಕ್ಷೆಗೆ ಅನುಮತಿಯಿತ್ತಾಗಲೂ, ಅದು ಲಘು ಪೆಟ್ಟಿನಲ್ಲಿ ಸಿ.ಟಿ. ಸ್ಕ್ಯಾನ್ ಬೇಕೇ ಎಂಬುದನ್ನು ತಿಳಿಯುವುದಕ್ಕಾಗಿತ್ತು. ತೀವ್ರ ಪೆಟ್ಟಿನ ಭವಿಷ್ಯ ನುಡಿಯುವುದಕ್ಕಲ್ಲ.

ಇದಕ್ಕಿಂತ ಗಂಭೀರವಾದ ತೊಡಕೊಂದಿದೆ. ಸಂಖ್ಯೆಯನ್ನು ನಂಬಿ ಉಸಿರಾಟದ ಯಂತ್ರವನ್ನು ತೆಗೆದರೆ ರೋಗಿ ಸಾಯುತ್ತಾನೆ. ಆ ಸಾವು ಮುಂದಿನ ಲೆಕ್ಕದಲ್ಲಿ ಅದೇ ಸಂಖ್ಯೆಯ ಸತ್ಯಕ್ಕೆ ಪುರಾವೆಯಾಗಿ ಸೇರುತ್ತದೆ. ಆದುದರಿಂದಲೇ ಒಂದೇ ಸೂಚಕದ ಮೇಲೆ ನಿರ್ಧರಿಸದೆ ವಯಸ್ಸು, ಕಣ್ಣಪಾಪೆಯ ಪ್ರತಿಕ್ರಿಯೆ, ಚಲನೆಯ ಅಂಕ, ಸ್ಕ್ಯಾನ್‌ಗಳನ್ನು ಒಟ್ಟಿಗಿಟ್ಟು, ದಿನಗಳ ಅಂತರದಲ್ಲಿ ಮತ್ತೆ ಮತ್ತೆ ನೋಡುವ ಕ್ರಮವನ್ನು ತಜ್ಞರು ಅನುಸರಿಸುತ್ತಾರೆ.