ಕಾಗದ ಓದುವ ಹುಡುಗ



ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೊಲ್ಲಾಪುರ ಹತ್ತಿರ ಬಂದಾಗ ಪಂಚಗಂಗೆಯ ಸೇತುವೆ ಸಿಗುತ್ತದೆ. ಅದರ ಪಕ್ಕದ ಊರಿಗೆ ಆ ಸೇತುವೆಯೇ ಹೆಸರು ಕೊಟ್ಟಿದೆ: ಪುಲಾಚಿ ಶಿರೋಳಿ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಫೌಂಡ್ರಿಗಳ ಹೊಗೆ. ಇಲ್ಲಿಂದ ಇಚಲಕರಂಜಿಯತ್ತ, ಗಡಹಿಂಗ್ಲಜದತ್ತ ಹೋದ ಹಾಗೆಲ್ಲ ಕಟ್ಟೆಯ ಮೇಲೆ ಕುಳಿತ ಹಿರಿಯರ ಮಾತು ಕನ್ನಡದಲ್ಲಿ ಸುರುವಾಗಿ ಮರಾಠಿಯಲ್ಲಿ ಮುಗಿಯುವುದನ್ನು ನೀವು ಕೇಳಿರುತ್ತೀರಿ. ಕೇಳುವುದೇನು ಬಂತು, ನಾವೇ ಹಾಗೆ ಮಾತಾಡುವವರು.

ಸಾಲಿಗೆ ಹೋಗುವ ಮಕ್ಕಳಿಗೂ ಊರ ಹಿರಿಯರಿಗೂ ನಮ್ಮ ಕಡೆ ಗೆಳೆತನ ಹೇಗೆ ಬೆಳೆಯಿತು ಎನ್ನುವುದು ಇಂದಿನ ವಿಷಯ. ಅಜ್ಜನ ಮಡಿಲು, ಅಜ್ಜಿಯ ಕಥೆ ಎಂದು ಇದನ್ನು ಬರೀ ಮಮತೆಯ ಲೆಕ್ಕಕ್ಕೆ ಹಚ್ಚಿಬಿಡುತ್ತೇವೆ. ಮಮತೆ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಒಂದು ಕೊಡು-ಕೊಳ್ಳುವ ವ್ಯವಹಾರವೂ ಇತ್ತು. ಅದರ ಚರಿತ್ರೆಯನ್ನು ಯಾರೂ ಹೆಚ್ಚಾಗಿ ಹೇಳಿಲ್ಲ.

1911ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಸಾವಿರ ಗಂಡಸರಲ್ಲಿ ಅಕ್ಷರ ಬಲ್ಲವರು 106, ಸಾವಿರ ಹೆಂಗಸರಲ್ಲಿ ಹತ್ತು. ಪೋಸ್ಟ್‌ಕಾರ್ಡು 1879ರಲ್ಲೇ ಬಂದಿತ್ತು, ಕಾಲಾಣೆಗೆ ಒಂದು. ಕಾರ್ಡು ಅಗ್ಗ, ಓದುವವರು ತುಟ್ಟಿ! ಒಂದನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್‌ಗಳು ಮೆಸೊಪೊಟೇಮಿಯಾಕ್ಕೆ ಹೋದವು. 1916ರಲ್ಲಿ ಕುತ್ ಎಂಬಲ್ಲಿ ಸಾವಿರಾರು ಸಿಪಾಯಿಗಳು ಸೆರೆ ಸಿಕ್ಕರು. ಅಂಥ ಕಾಲದಲ್ಲಿ ಒಂದು ಕಾಗದ ಬಂದರೆ ತಾಯಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಲಕರ್ಣಿಯ ಮನೆಗೋ ಮಾಸ್ತರರ ಮನೆಗೋ ಹೋಗಿ ಅಂಗಳದಲ್ಲಿ ಕಾಯಬೇಕಿತ್ತು. ಎಲ್ಲರಿಗೂ ಆ ಅಂಗಳ ತುಳಿಯುವ ಅಧಿಕಾರವೂ ಇರಲಿಲ್ಲ, ಅದನ್ನೂ ಹೇಳಿಬಿಡಬೇಕು.

1917ರಲ್ಲಿ ಶಾಹೂ ಛತ್ರಪತಿಗಳು ಕೊಲ್ಲಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು, ಪುಕ್ಕಟೆಯೂ ಮಾಡಿದರು. ಮಗುವನ್ನು ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಅಂದಿನ ಒಂದು ರೂಪಾಯಿ ಎಂದರೆ ಕೂಲಿಕಾರನಿಗೆ ಸಣ್ಣ ಮಾತಲ್ಲ. ಮಹಾರಾಜರ ಈ ಕೆಲಸವನ್ನು ಚರಿತ್ರೆಕಾರರು ಬಹಳ ಹೊಗಳಿದ್ದಾರೆ, ಹೊಗಳಬೇಕಾದದ್ದೇ. ಅದರ ಒಂದು ಸಣ್ಣ ಪರಿಣಾಮ ಮಾತ್ರ ಪುಸ್ತಕಗಳಲ್ಲಿ ಕಾಣುವುದಿಲ್ಲ. ತಲೆತಲಾಂತರದಿಂದ ಅಕ್ಷರವೇ ಹೊಗದ ಮನೆಯಲ್ಲಿ ಒಂಬತ್ತು ವರ್ಷದ ಹುಡುಗ ಕಾಗದ ಓದುವವನಾದ. ಅಂಗಳದಲ್ಲಿ ಕಾಯುತ್ತಿದ್ದ ತಾಯಿ ಈಗ ತನ್ನ ಮನೆಯ ಜಗಲಿಯಲ್ಲೇ ಕುಳಿತಳು. ಓಣಿಯ ಮುದುಕರೆಲ್ಲ ಆ ಹುಡುಗನ ಸುತ್ತ ಸೇರಿದರು.

ಹುಡುಗನಿಗೆ ಬರುತ್ತಿದ್ದದ್ದು ಬಾಲಬೋಧ ಲಿಪಿ. ಮನೆಯ ಪೆಟ್ಟಿಗೆಯಲ್ಲಿದ್ದ ಹೊಲದ ಕಾಗದ, ಸಾಲದ ಪತ್ರ ಎಲ್ಲ ಮೋಡಿ ಲಿಪಿಯಲ್ಲಿ. ಅಜ್ಜಿ ಕೇಳಬೇಕೆಂದ ಪುರಾಣ ಕನ್ನಡದಲ್ಲಿ. ಹೀಗಾಗಿ ಮೋಡಿ ಬಲ್ಲ ಒಬ್ಬ ಮುತ್ತ್ಯಾ, ಕನ್ನಡ ಬಲ್ಲ ಇನ್ನೊಬ್ಬ, ಬಾಲಬೋಧ ಬಲ್ಲ ಈ ಹುಡುಗ, ಮೂವರೂ ಕೂಡಿದರೇನೇ ಮನೆಯ ಪೂರ್ತಿ ಸಮಾಚಾರ ತಿಳಿಯುವುದು. ಯಾರೊಬ್ಬರೂ ದೊಡ್ಡವರಲ್ಲ.

ಇನ್ನು 1957ರ ಏಪ್ರಿಲ್ 1. ಅಂದು ಆಣೆ ಹೋಗಿ ನಯಾ ಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆಯಾಯಿತು. ನಮ್ಮ ಹಿರಿಯರು ಓದು ಬಾರದಿದ್ದರೂ ಲೆಕ್ಕದಲ್ಲಿ ಹುಲಿಗಳು. ಪಾವಕಿ, ನಿಮಕಿ, ಸವಾಯಕಿ, ದೀಡಕಿ, ಅಂದರೆ ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳೆಲ್ಲ ಬಾಯಲ್ಲಿ. ಸಂತೆಯಲ್ಲಿ ವ್ಯಾಪಾರಿ ತಕ್ಕಡಿ ಇಳಿಸುವುದರೊಳಗೆ ಇವರು ಬೆಲೆ ಹೇಳಿಬಿಡುತ್ತಿದ್ದರು. ಅಂಥವರು ಒಂದೇ ದಿನದಲ್ಲಿ ಕೈ ಬರಿದಾದವರ ಹಾಗಾದರು. ಸರಕಾರದ ತಖ್ತೆಯ ಪ್ರಕಾರ ಒಂದಾಣೆಗೆ 6 ನಯಾ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದೇ ಆಣೆ ಮೂರು ಸಲ ಕೊಟ್ಟರೆ 18 ಪೈಸೆ, ಒಮ್ಮೆಲೇ ಮೂರಾಣೆ ಕೊಟ್ಟರೆ 19! ಇದೆಂಥಾ ಹಿಸೇಬು ಎಂದು ಕೇಳಿದ ಮುದುಕರು ದಡ್ಡರಲ್ಲ, ಸರಿಯಾಗಿಯೇ ಕೇಳಿದರು. ಒಂದಾಣೆ ಎಂದರೆ ಆರೂಕಾಲು ಪೈಸೆ, ಆ ಕಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ಅದು.

ಆಗ ಸಂತೆಗೆ ಹೊರಟ ಅಜ್ಜನ ಜೊತೆಗೆ ಮೊಮ್ಮಗನೂ ಬೇಕಾದ. ಹುಡುಗ ಪೈಸೆ ಎಣಿಸಿದ, ಅಜ್ಜ ಮೋಸ ಹಿಡಿದ. 1958ರಿಂದ ಹಂತಹಂತವಾಗಿ ಸೇರು, ಮಣಗಳೂ ಹೋಗಿ ಕಿಲೋ ಬಂದಾಗ ಮತ್ತೆ ಇದೇ ಜೋಡಿ. ಹೊಸ ತೂಕ ಹುಡುಗನಿಗೆ ಗೊತ್ತು, ಕಾಳಿನ ಗುಣ ಅಜ್ಜನಿಗೆ ಗೊತ್ತು. ಜೋಳ ಹಸಿ ಇದೆಯೋ ಒಣಗಿದೆಯೋ ಎಂಬುದನ್ನು ಮುಷ್ಟಿಯಲ್ಲಿ ಹಿಡಿದು ಹೇಳುವ ವಿದ್ಯೆ ಯಾವ ಇಯತ್ತೆಯಲ್ಲೂ ಇಲ್ಲವಲ್ಲ.

1959ರಲ್ಲಿ ಸಾತಾರಾ ಜಿಲ್ಲೆಯಲ್ಲಿ 'ಗ್ರಾಮ ಶಿಕ್ಷಣ ಮೋಹಿಮ್' ಸುರುವಾಗಿ ಮುಂದೆ ಮಹಾರಾಷ್ಟ್ರಕ್ಕೆಲ್ಲ ಹಬ್ಬಿತು. ಹದಿನಾಲ್ಕರಿಂದ ಐವತ್ತರ ವಯಸ್ಸಿನವರಿಗೆ ಕೆಲವೇ ತಿಂಗಳಲ್ಲಿ ಓದುಬರಹ ಕಲಿಸುವುದು, ಊರಿಗೆ ಊರೇ ಸಾಕ್ಷರವಾದಾಗ 'ಗ್ರಾಮ ಗೌರವ' ಸಮಾರಂಭ ಮಾಡುವುದು ಅದರ ರೀತಿ. 1972ರಲ್ಲಿ ಅದಕ್ಕೆ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ಬಂತು. ಆದರೆ ಕಲಿತ ಮೇಲೆ ಓದಲು ಪುಸ್ತಕ ಸಿಗದೆ ಮರೆತವರು ಬಹಳ. ಇನ್ನೊಂದು ತೊಡಕೂ ಇತ್ತು, ಅದು ಮನಸ್ಸಿನದು. ಸ್ವಂತ ಮಗನೆದುರು ಪಾಟಿ ಹಿಡಿಯಲು ತಂದೆಗೆ ನಾಚಿಕೆ. ಅದೇ ನೆರೆಮನೆಯ ಹುಡುಗಿ ಬಂದರೆ ಕೂಡುತ್ತಾನೆ. ಗೆಳೆತನಕ್ಕೆ ರಕ್ತಸಂಬಂಧಕ್ಕಿಂತ ಸ್ವಲ್ಪ ದೂರವೇ ಒಳ್ಳೆಯದೆಂದು ನನಗೆ ಅನಿಸುವುದು ಇದಕ್ಕೇ.

ನಾನೂ ಕಾಗದ ಓದಿದವನೇ. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ಮುಂದಾಳತ್ವದ ಸಂಪು ಸುರುವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗೆ. ನಮ್ಮ ಓಣಿಯ ಒಬ್ಬ ಆಯಿಯ ಮಗ ಅವರಲ್ಲಿದ್ದ. ಮನಿಆರ್ಡರು ನಿಂತಿತು, ಕಾಗದಗಳು ಹೆಚ್ಚಾದವು. ನಾನು ಆಗ ಐದನೆಯ ಇಯತ್ತೆ. ಮರಾಠಿಯಲ್ಲಿ ಬರೆದದ್ದನ್ನು ಓದುತ್ತ ಓದುತ್ತ ಕನ್ನಡದಲ್ಲಿ ಹೇಳಬೇಕು. ಒಂದು ಕಾಗದದಲ್ಲಿ, ಲಗ್ನದಲ್ಲಿ ನೀನು ಕೊಟ್ಟ ತಾಮ್ರದ ಹಂಡೆ ಮಾರಿದೆ ಎಂದು ಬರೆದಿದ್ದ. ಆ ಸಾಲು ನಾನು ಹೇಳಲಿಲ್ಲ. ಎಲ್ಲ ಚಲೋ ಐತಂತ ಅಂದೆ. ಆಯಿ ಒಂದು ಚೂರು ಬೆಲ್ಲ ಕೈಗಿಟ್ಟಳು.

ಎಷ್ಟೋ ವರ್ಷದ ಮೇಲೆ, ಮಗ ಊರಿಗೇ ಬಂದು ನೆಲೆಸಿದ ನಂತರ, ಆಯಿ ನಕ್ಕು ಅಂದಳು: "ಆವತ್ತ ನೀ ಒಂದ್ ಸಾಲ ನುಂಗಿದ್ದಿ ತಮ್ಮಾ. ನಿನ್ನ ದನೀನ ಹೇಳಿತ್ತ." ಅಕ್ಷರ ಬಾರದವಳು ನನ್ನನ್ನೇ ಓದಿದ್ದಳು.

ಇತ್ತೀಚಿನ ಒಂದು ಮಾತಿಗಾಗಿ ಸ್ವಲ್ಪ ದೂರ, ಠಾಣೆ ಜಿಲ್ಲೆಯ ಮುರಬಾಡ ತಾಲೂಕಿಗೆ ಹೋಗೋಣ. ಅಲ್ಲಿಯ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಾರ್ಚ್ 8ರಂದು ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ಯೋಗೇಂದ್ರ ಬಾಂಗರ್ ಅವರು 'ಆಜೀಬಾಯಿಚಿ ಶಾಳಾ' ಆರಂಭಿಸಿದರು. ಅಜ್ಜಿಯರ ಸಾಲಿ. ಅರುವತ್ತು ದಾಟಿದವರು ಗುಲಾಬಿ ಬಣ್ಣದ ಸೀರೆ ಉಟ್ಟು ಪಾಟೀಚೀಲ ಹಾಕಿಕೊಂಡು ಮಧ್ಯಾಹ್ನ ಹೋಗುತ್ತಿದ್ದರು. ಪೋಥಿಯನ್ನು ತಾವೇ ಓದಬೇಕು ಎಂಬುದು ಅವರ ಆಸೆ. ಮನೆಗೆಲಸದ ಪಾಠಕ್ಕೆ ಮೊಮ್ಮಕ್ಕಳ ನೆರವು. ಪತ್ರಿಕೆಗಳೆಲ್ಲ ಸೀರೆಯ ಬಣ್ಣವನ್ನೇ ಬರೆದವು. ನನಗೆ ಹಿಡಿಸಿದ್ದು ಸಂಜೆ ಮನೆಯಲ್ಲಿ ನಡೆದಿರಬಹುದಾದ ಆ ಮೊಮ್ಮಕ್ಕಳ ಮಾಸ್ತರಿಕೆ.

ಈಗ ಕಾಗದ ಬರುವುದಿಲ್ಲ. ಮೊಬೈಲಿಗೆ ಬ್ಯಾಂಕಿನ ಸಂದೇಶ ಬರುತ್ತದೆ, ಪಿಂಚಣಿಗೆ ಹೆಬ್ಬೆಟ್ಟು ಹತ್ತುವುದಿಲ್ಲ, ಮತ್ತೆ ಹುಡುಗನನ್ನೇ ಕರೆಯಬೇಕು. ಹಾಗೆ ನೋಡಿದರೆ ಹಳೆಯ ವ್ಯವಹಾರ ಮುರಿದಿಲ್ಲ. ಒಂದೇ ಕಡೆಯದಾಗಿದೆ ಅಷ್ಟೆ. ಹುಡುಗ ಎರಡು ಸಲ ಬೆರಳಾಡಿಸಿ ಓಡಿಹೋಗುತ್ತಾನೆ, ಅಜ್ಜನಿಂದ ತಾನು ಪಡೆಯಬೇಕಾದದ್ದೇನಾದರೂ ಉಂಟೆಂದು ಅವನಿಗೆ ಯಾರೂ ಹೇಳಿಲ್ಲ. ಗಡಿಯ ಊರುಗಳಲ್ಲಿ ಇದರ ಬೆಲೆ ಹೆಚ್ಚು. ಮರಾಠಿ ಸಾಲಿ ಕೊಡುತ್ತದೆ, ಇಂಗ್ಲಿಷನ್ನು ಕಾನ್ವೆಂಟ್ ಕೊಡುತ್ತದೆ. ಇಂಥ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದಿರುವುದು ಮುದುಕರ ಬಾಯಲ್ಲಿ ಮಾತ್ರ. ಅವರ ಜೊತೆ ಕೂಡ್ರುವ ಹುಡುಗ ಇಲ್ಲದಿದ್ದರೆ ಅದು ಅವರ ಜೊತೆಗೇ ಹೋಗುತ್ತದೆ.

ಕೊಲ್ಲಾಪುರದ ಪುರಾಲೇಖಾಗಾರದಲ್ಲಿ ಸಂಸ್ಥಾನ ಕಾಲದ ಮೋಡಿ ಕಾಗದಗಳು ಇವೆ, ಮೋಡಿ ಕಲಿತ ಹೊಸ ಹುಡುಗರು ಅವನ್ನು ಓದುತ್ತಾರೆ. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲೂ ಅಂಥದೊಂದು ಕಾಗದ ಇರಬಹುದು. ಈ ರವಿವಾರ ತೆಗೆಯಿರಿ. ಮೊಮ್ಮಗಳು ಹಿಡಿದುಕೊಳ್ಳಲಿ. ಅದರಲ್ಲಿ ಯಾವ ಹೊಲದ ಹೆಸರಿದೆ, ಆ ಹೊಲಕ್ಕೆ ಆ ಹೆಸರು ಯಾಕೆ ಬಂತು ಎಂದು ಮುತ್ತ್ಯಾ ಹೇಳಲಿ, ಕನ್ನಡದಲ್ಲೇ ಹೇಳಲಿ. ಆಕೆ ತನಗೆ ಬರುವ ಅಕ್ಷರದಲ್ಲಿ ಬರೆದುಕೊಳ್ಳಲಿ.